ಓದುಗರ ಪ್ರಶ್ನೆ: ಮೂರು ತುಂಬುವ ಮಗಳಿಗೆ ಡಿಸ್ನಿಯ ವರ್ಷದ ಪಾಸು

ಪ್ರಶ್ನೆ: ನಾವಿರುವುದು ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ. ನಾನು, ನಮ್ಮ ಯಜಮಾನರು ಇಬ್ಬರೂ ವಾಲ್ಟ್ ಡಿಸ್ನಿ ವರ್ಲ್ಡ್‌ನ ಸಾರ್ಸರರ್ ಎಂಬ ವರ್ಷದ ಪಾಸು ಮಾಡಿಸಿದ್ದೇವೆ. ಮಗಳಿಗೆ ಇನ್ನು ನಾಲ್ಕು ತಿಂಗಳಿಗೆ ಮೂರು ತುಂಬುತ್ತದೆ. ಅವಳಿಗೂ ಈಗಲೇ ಮಾಡಿಸಿಬಿಡಲೇ? ಚಿಕ್ಕವಳಲ್ಲವೇ, ಎಲ್ಲಕ್ಕಿಂತ ಅಗ್ಗದ ಪಿಕ್ಸಿ ಡಸ್ಟ್ ಸಾಕು ಅನ್ನುತ್ತಾರೆ ಇವರು.

ಉತ್ತರ: ಈಗ ಬೇಡ. ಮೂರು ತುಂಬದ ಮಗುವಿಗೆ ಅಲ್ಲಿ ಟಿಕೆಟೂ ಬೇಡ, ಪಾಸೂ ಬೇಡ. ಈ ನಾಲ್ಕು ತಿಂಗಳು ಎಷ್ಟು ಸಲ ಬೇಕಾದರೂ ಎತ್ತಿಕೊಂಡು ಹೋಗಿ ಬನ್ನಿ.

ಮೂರು ತುಂಬಿದ ಮೇಲೆ ಲೆಕ್ಕ ಬೇರೆ. ದಿನದ ಟಿಕೆಟ್‌ನಲ್ಲಿ 3ರಿಂದ 9 ವರ್ಷದವರಿಗೆ ಒಂದಿಷ್ಟು ರಿಯಾಯಿತಿ ಉಂಟು. ವರ್ಷದ ಪಾಸಿನಲ್ಲಿ ಮಕ್ಕಳ ದರ ಎಂಬುದೇ ಇಲ್ಲ. ಮೂರರ ಮಗುವಿಗೂ ಮೂವತ್ತರ ಅಪ್ಪನಿಗೂ ಒಂದೇ ಬೆಲೆ. 2024ರ ಅಕ್ಟೋಬರ್ ಪರಿಷ್ಕರಣೆಯಲ್ಲಿ ಪಿಕ್ಸಿ ಡಸ್ಟ್ 469 ಡಾಲರ್, ಸಾರ್ಸರರ್ 1,079 ಡಾಲರ್ ಇತ್ತು, ತೆರಿಗೆ ಬೇರೆ. ದರ ಆಗಾಗ ಏರುವುದರಿಂದ ಕೊಳ್ಳುವ ದಿನದ ದರ ಹಿಡಿದೇ ಲೆಕ್ಕ ಹಾಕಿ.

ಅಷ್ಟು ಕೊಟ್ಟು ಮಗುವಿಗೆ ಸಿಗುವುದೇನು? ಬಾಗಿಲು ದಾಟುವ ಹಕ್ಕು, ಅಷ್ಟೆ. ಪಾರ್ಕಿಂಗ್ ಉಚಿತ ಎಂಬುದು ದೊಡ್ಡ ಆಕರ್ಷಣೆ, ಆದರೆ ಒಂದು ಕಾರಿಗೆ ಒಂದು ಪಾಸು ಸಾಕು, ಅದು ನಿಮ್ಮ ಹತ್ತಿರ ಇದ್ದೇ ಇದೆ. ಅಂಗಡಿ, ಹೋಟೆಲ್‌ಗಳ ರಿಯಾಯಿತಿಯೂ ನಿಮ್ಮ ಪಾಸಿನಲ್ಲೇ ದಕ್ಕುತ್ತದೆ. ಹಾಗಾಗಿ ಮಗಳ ಪಾಸಿನ ಬೆಲೆಯನ್ನು ಅವಳು ವರ್ಷದಲ್ಲಿ ಎಷ್ಟು ದಿನ ಹೋಗುತ್ತಾಳೆ ಎಂಬುದರಿಂದ ಮಾತ್ರ ಭಾಗಿಸಿ. ಬಂದ ಮೊತ್ತವನ್ನು ಫ್ಲೋರಿಡಾ ನಿವಾಸಿಗಳಿಗೆಂದೇ ಆಗಾಗ ಬಿಡುವ 3-4 ದಿನದ ರಿಯಾಯಿತಿ ಟಿಕೆಟ್ ಜೊತೆ ಹೋಲಿಸಿ, ಮಾಮೂಲು ಟಿಕೆಟ್ ಜೊತೆಗಲ್ಲ.

ಇನ್ನು ನಿಮ್ಮ ಯಜಮಾನರ ಮಾತು. ಎಡವುವುದು ಇಲ್ಲೇ. ಪಿಕ್ಸಿ ಡಸ್ಟ್ ಮುಖ್ಯವಾಗಿ ವಾರದ ದಿನಗಳ ಪಾಸು. ಶನಿವಾರ, ಭಾನುವಾರ, ದೊಡ್ಡ ರಜೆಗಳಲ್ಲಿ ನಡೆಯುವುದಿಲ್ಲ. ನಿಮ್ಮ ಸಾರ್ಸರರ್‌ಗೆ ತಡೆ ಇರುವುದು ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ಆಸುಪಾಸಿನಲ್ಲಿ. ಶನಿವಾರ ಬೆಳಿಗ್ಗೆ ಅಪ್ಪ ಅಮ್ಮ ಒಳಗೆ ಹೋಗಬಹುದು, ಮಗಳಿಗೆ ಮಾತ್ರ ಟಿಕೆಟ್ ಕೊಳ್ಳಬೇಕು ಎಂದಾದರೆ ಉಳಿಸಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ. ನಿಮ್ಮಲ್ಲಿ ಒಬ್ಬರಾದರೂ ವಾರದ ನಡುವೆ ಬಿಡುವಾಗಿದ್ದರೆ ಪಿಕ್ಸಿ ಡಸ್ಟ್ ಚೆನ್ನಾದ ಆಯ್ಕೆ. ಐದಕ್ಕೆ ಕಿಂಡರ್‌ಗಾರ್ಟನ್ ಸೇರುವವರೆಗೂ ನಡೆದೀತು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮಗಳಿಗೂ ನಿಮ್ಮದೇ ಪಾಸು, ಇಲ್ಲವೇ ಬಿಡಿ ಟಿಕೆಟ್. ಎರಡರ ನಡುವೆ ಪೈರೇಟ್ ಎಂಬ ಪಾಸೂ ಉಂಟು, ಅದರ ತಡೆಯ ದಿನಗಳನ್ನು ನೋಡಿ ನಿರ್ಧರಿಸಿ.

ಮಾಡಿಸುವಾಗ ನಿಮ್ಮ ಡಿಸ್ನಿ ಖಾತೆಯಲ್ಲೇ ಕುಟುಂಬದ ಪಟ್ಟಿಗೆ ಮಗಳನ್ನು ಸೇರಿಸಿ, ಜನ್ಮದಿನಾಂಕ ಸರಿಯಾಗಿ ತುಂಬಿ. ತಾಯಿ ಒಮ್ಮೆ, ತಂದೆ ಒಮ್ಮೆ ಸೇರಿಸಿ ಒಂದೇ ಮಗುವಿಗೆ ಎರಡು ಪ್ರೊಫೈಲ್ ಆಗುವುದು ತೀರಾ ಸಾಮಾನ್ಯ. ಪಾಸು ಒಂದರಲ್ಲಿ, ಹೋಗುವ ದಿನದ ಬುಕಿಂಗ್ ಇನ್ನೊಂದರಲ್ಲಿ ಕೂತು ಗೇಟಿನಲ್ಲಿ ಪೇಚಾಟವಾಗುತ್ತದೆ. ಪಾರ್ಕ್ ಬುಕಿಂಗ್ ಮಾಡುವಾಗಲೂ ಮೂವರ ಹೆಸರನ್ನೂ ಗುರುತು ಹಾಕಬೇಕು. ಒಂದು ಸಲಕ್ಕೆ ಸಾರ್ಸರರ್‌ಗೆ 5 ದಿನ, ಪಿಕ್ಸಿ ಡಸ್ಟ್‌ಗೆ 3 ದಿನ ಹಿಡಿದಿಡಬಹುದು. ಮಧ್ಯಾಹ್ನ 2ರ ನಂತರ ಹೋಗುವುದಾದರೆ ಬುಕಿಂಗ್ ಬೇಕಿಲ್ಲ. ಅಲ್ಲಿನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಂಗೆ ಮಾತ್ರ ಶನಿವಾರ, ಭಾನುವಾರ ಆಗಲೂ ಬೇಕು. ಕಂತಿನಲ್ಲಿ ಕಟ್ಟಿದರೆ ಬಡ್ಡಿ ಇಲ್ಲ, ಆದರೆ ಮಗು ಹೋಗಲಿ ಬಿಡಲಿ 12 ತಿಂಗಳೂ ಕಟ್ಟಲೇಬೇಕು. ವರ್ಷ ಎಣಿಸುವುದು ಪಾರ್ಕಿನಲ್ಲಿ ಪಾಸು ಚಾಲೂ ಮಾಡಿದ ದಿನದಿಂದ.

ಪ್ರಶ್ನೆ: ದಾವಣಗೆರೆಯಿಂದ ಅತ್ತೆ ಮಾವ ಆರು ತಿಂಗಳಿಗೆಂದು ಬರುತ್ತಿದ್ದಾರೆ. ಮಗು ಹೋಗದ ದಿನ ಅದರ ಪಾಸಿನಲ್ಲಿ ಅವರಲ್ಲೊಬ್ಬರು ಹೋಗಬಹುದೇ?

ಉತ್ತರ: ಆಗದು. ಪಾಸಿಗೆ ಮಗುವಿನ ಫೋಟೊ ಅಂಟಿರುತ್ತದೆ, ಗೇಟಿನವರ ಪರದೆಯಲ್ಲಿ ಅದು ಕಾಣುತ್ತದೆ. ಅವರಿಗೇ ಪಾಸು ಮಾಡಿಸೋಣವೆಂದರೆ, ನಾಲ್ಕು ಬಗೆಯಲ್ಲಿ ಪಿಕ್ಸಿ ಡಸ್ಟ್, ಪೈರೇಟ್ ಎರಡೂ ಫ್ಲೋರಿಡಾ ನಿವಾಸಿಗಳಿಗೆ ಮೀಸಲು. ಸಾರ್ಸರರ್ ನಿವಾಸಿಗಳಿಗೆ ಮತ್ತು ಡಿಸ್ನಿ ವೆಕೇಶನ್ ಕ್ಲಬ್ (ಡಿಸ್ನಿಯ ರಜಾ ವಸತಿಗಳಲ್ಲಿ ಪಾಲು ಕೊಳ್ಳುವ ಯೋಜನೆ) ಸದಸ್ಯರಿಗೆ. ಪ್ರವಾಸಿಗಳಿಗೆ ಉಳಿಯುವುದು ಎಲ್ಲಕ್ಕಿಂತ ದುಬಾರಿಯಾದ ಇನ್‌ಕ್ರೆಡಿ-ಪಾಸ್. ಹಿರಿಯರಿಗೆ 4 ದಿನದ ಟಿಕೆಟ್ ಧಾರಾಳವಾಯಿತು. ಅದನ್ನು 7 ದಿನದೊಳಗೆ ಮುಗಿಸಬೇಕು. ದಿನ ಬಿಟ್ಟು ದಿನ ಹೋದರೆ ಅವರ ಮಂಡಿಗೂ ಒಳ್ಳೆಯದು.

ಪ್ರಶ್ನೆ: ಮಗ 92 ಸೆಂ.ಮೀ. ಇದ್ದಾನೆ. ಪಾಸು ಮಾಡಿಸಿದರೆ ಆಡಲು ಏನಾದರೂ ಇದೆಯೇ?

ಉತ್ತರ: ಬಿಡದಿಯ ವಂಡರ್‌ಲಾದಲ್ಲಿ ಟಿಕೆಟ್ ದರಕ್ಕೇ ಎತ್ತರ ಅಳೆಯುತ್ತಾರೆ. ಇಲ್ಲಿ ಟಿಕೆಟ್‌ಗೆ ವಯಸ್ಸು, ರೈಡ್‌ಗೆ ಎತ್ತರ. ಡಂಬೊ, ಪೀಟರ್ ಪ್ಯಾನ್, ಇಟ್ಸ್ ಎ ಸ್ಮಾಲ್ ವರ್ಲ್ಡ್, ಎಪ್ಕಾಟ್‌ನ ಫ್ರೋಜನ್, ಅನಿಮಲ್ ಕಿಂಗ್‌ಡಂನ ಸಫಾರಿ, ಇವಕ್ಕೆಲ್ಲ ಅಳತೆಯೇ ಇಲ್ಲ. 89 ಸೆಂ.ಮೀ. ಕೇಳುವ ಬಾರ್ನ್‌ಸ್ಟಾರ್ಮರ್ ಅವನ ಮೊದಲ ರೋಲರ್ ಕೋಸ್ಟರ್ ಆಗಬಹುದು. ಏಳು ಕುಳ್ಳರ ಗಣಿರೈಲು ಮತ್ತು ಸ್ಲಿಂಕಿ ಡಾಗ್ 97 ಕೇಳುತ್ತವೆ, ಸ್ಪೇಸ್ ಮೌಂಟನ್ 112, ಟ್ರಾನ್ 122. ಶೂ ದಪ್ಪಗಿದ್ದರೆ ದಾಟಬಹುದು ಎಂಬ ಉಪಾಯ ಬೇಡ. ಒಬ್ಬರು ಬಿಟ್ಟರೂ ಒಳಗೆ ಇನ್ನೊಬ್ಬರು ಅಳೆದು ವಾಪಸು ಕಳಿಸಿದರೆ ಮಗು ಅಳುವುದು ನಿಮ್ಮ ಹೆಗಲ ಮೇಲೆ.

ದೊಡ್ಡವರಿಗೆ ಅಂಥ ರೈಡ್ ಬೇಕೆನಿಸಿದರೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಸಾಲಿನಲ್ಲಿ ನಿಂತು ಹೋಗಿ ಬರುವ ತನಕ ಇನ್ನೊಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ. ಆಮೇಲೆ ಅವರು ಮತ್ತೆ ಉದ್ದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಸಾಲಿಗೆ ಸೇರುವ ಮುಂಚೆ, ಮಗುವನ್ನು ಜೊತೆಗಿಟ್ಟುಕೊಂಡೇ ಬಾಗಿಲಲ್ಲಿರುವ ಸಿಬ್ಬಂದಿಗೆ ಹೇಳಬೇಕು. ತಳ್ಳುಗಾಡಿ ತರುವುದಾದರೆ ಅಗಲ 79 ಸೆಂ.ಮೀ., ಉದ್ದ 132 ಸೆಂ.ಮೀ. ಮೀರದಿರಲಿ, ಎಳೆದುಕೊಂಡು ಹೋಗುವ ವ್ಯಾಗನ್‌ಗಳನ್ನು ಒಳಗೆ ಬಿಡುವುದಿಲ್ಲ.