ಕಪೋಟಿಯಂತೆ ಟಿಪ್ಪಣಿ ಇಲ್ಲದೆ ಜನರನ್ನು ಮಾತಾಡಿಸಬಹುದೇ?

ನಿಮ್ಮೂರಿನ ಹಳೇ ಕೊಲೆ ಪ್ರಕರಣದ ಬಗ್ಗೆ ಬರೆಯಲು ಹೊರಟಿದ್ದೀರಿ. ಅಮೆರಿಕದ ಲೇಖಕ ಟ್ರೂಮನ್ ಕಪೋಟಿಯ ಹಾಗೆ ನೋಟ್‌ಬುಕ್ಕು, ರೆಕಾರ್ಡರು ಇಲ್ಲದೆ ನೆನಪನ್ನೇ ನಂಬಬಹುದಾ ಅಂತ ಕೇಳಿದ್ದೀರಿ. ನಾನೂ ಹಾಗೇ ಹೊರಟವನು. ಬೇಡ.

ಕಪೋಟಿ ಟಿಪ್ಪಣಿ ಮಾಡಲಿಲ್ಲ ಅನ್ನೋದೇ ಅರ್ಧ ಸತ್ಯ. 1959ರ ನವೆಂಬರ್ 15ರಂದು ಕ್ಯಾನ್ಸಸ್‌ನ ಹಾಲ್ಕಂಬ್‌ನಲ್ಲಿ ಕ್ಲಟರ್ ಕುಟುಂಬದ ನಾಲ್ವರ ಕೊಲೆಯಾಯಿತು. ಅದರ ಬಗ್ಗೆ ಬರೆಯಲು ಅವನು ಬಾಲ್ಯದ ಗೆಳತಿ, ಲೇಖಕಿ ಹಾರ್ಪರ್ ಲೀಯನ್ನು ಅಲ್ಲಿಗೆ ಕರೆದುಕೊಂಡು ಹೋದ. ಬರೆದುಕೊಳ್ಳೋದು ಕಂಡರೆ ಜನ ಬಿಗಿಯಾಗ್ತಾರೆ ಅಂತ ಅವರ ಎದುರು ಪೆನ್ನು ತೆಗೆಯುತ್ತಿರಲಿಲ್ಲ, ನಿಜ. ಆದರೆ ಹೋಟೆಲಿಗೆ ಮರಳಿದ ಮೇಲೆ ಇಬ್ಬರೂ ಬೇರೆ ಬೇರೆ ಬರೆದು ತಾಳೆ ನೋಡುತ್ತಿದ್ದರು. ಲೀ ಟೈಪ್ ಮಾಡಿ ಕೊಟ್ಟದ್ದೇ ಸುಮಾರು 150 ಪುಟ.

ನಾನು ಮೊದಲರ್ಧ ಕಲಿತೆ, ಎರಡನೆಯದನ್ನು ಬಿಟ್ಟೆ. ಪಕ್ಕದ ಮನೆಯವರು "ದೀಪ ಇರಲಿಲ್ಲ" ಅಂದಿದ್ದರು. ಮೂರು ದಿನ ಬಿಟ್ಟು ಬರೆಯುವಾಗ ಅದು "ದೀಪ ಆರಿಸಿದ್ದರು" ಆಯಿತು. ಇರಲಿಲ್ಲ ಅಂದರೆ ಕರೆಂಟು ಹೋಗಿರಬಹುದು. ಆರಿಸಿದ್ದರು ಅಂದರೆ ಯಾರೋ ಬೇಕಂತಲೇ ಕತ್ತಲು ಮಾಡಿದ್ದಾರೆ. ಆ ಒಂದು ಕ್ರಿಯಾಪದದ ಮೇಲೆ ಇಡೀ ಸಂಚಿನ ಅಧ್ಯಾಯ ಕಟ್ಟಿದೆ. ಆವತ್ತು ಊರಿಗೇ ಕರೆಂಟಿರಲಿಲ್ಲ! ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ನೆನಪು ಖಾಲಿ ಜಾಗ ಬಿಡಲ್ಲ, ಕಥೆಗೆ ಒಪ್ಪುವ ಪದವನ್ನು ತಾನೇ ತಂದು ಕೂರಿಸುತ್ತೆ. ಅಧ್ಯಾಯ ಹೋಯಿತು, ಆ ಮನೆಯವರ ವಿಶ್ವಾಸವೂ ಹೋಯಿತು.

ಕಾದಂಬರಿಕಾರರಿಗೆ ಈ ಅಪಾಯ ಇನ್ನೂ ಹೆಚ್ಚು. ಕಪೋಟಿ 1948ರಲ್ಲೇ ಮೊದಲ ಕಾದಂಬರಿ ತಂದವನು. ಕ್ಲಟರ್ ಕೊಲೆಯ ಅಪರಾಧಿಗಳಿಗೆ 1965ರ ಏಪ್ರಿಲ್ 14ರಂದು ಗಲ್ಲಾಯಿತು, ಮರುವರ್ಷ ಆ ಪ್ರಕರಣದ ಮೇಲೆ ಅವನು ಬರೆದ ‘ಇನ್ ಕೋಲ್ಡ್ ಬ್ಲಡ್’ ಪುಸ್ತಕ ಬಂತು. ಅಕ್ಷರಕ್ಷರವೂ ನಿಜ ಅಂತ ಅವನು ಸಾರಿದ್ದ ಆ ಪುಸ್ತಕದ ಕೊನೆಗೆ ತನಿಖಾಧಿಕಾರಿ ಡ್ಯೂಯಿ ಸ್ಮಶಾನದಲ್ಲಿ, ಕೊಲೆಯಾದ ಕ್ಲಟರ್ ಹುಡುಗಿಯ ಗೆಳತಿಯನ್ನು ಭೇಟಿಯಾಗುತ್ತಾನೆ. ಅಂಥ ಭೇಟಿ ನಡೆದೇ ಇಲ್ಲ ಅಂತ ಡ್ಯೂಯಿಯೇ ಹೇಳಿದ. ಸುಂದರ ದೃಶ್ಯ ಅದು, ಆದರೆ ಇವತ್ತಿಗೂ ಪುಸ್ತಕದ ಮೇಲಿನ ಅನುಮಾನ ಅಲ್ಲಿಂದಲೇ ಶುರುವಾಗೋದು.

ಹಾಗಾಗಿ ನೆನಪಿನ ಕಸರತ್ತು ಬಿಡಿ. ಮೊದಲು ಕೋರ್ಟಿನ ನಕಲು ವಿಭಾಗದಲ್ಲಿ ತೀರ್ಪು, ಮಹಜರು, ಸಾಕ್ಷಿ ಹೇಳಿಕೆಗಳಿಗೆ ಅರ್ಜಿ ಹಾಕಿ. ನೀವು ಮೂರನೆಯವರಾದ್ದರಿಂದ ಕಾರಣ ಬರೆಯಬೇಕಾಗುತ್ತೆ. ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಮಾತಾಡಿಸಬೇಡಿ. ಹೊರಬಂದು ಬಸ್‌ಸ್ಟಾಂಡಿನಲ್ಲೇ ಅವರ ಬಾಯಿಂದ ಬಂದ ಐದಾರು ವಾಕ್ಯ ಹಾಗೇ ಬರೆದುಕೊಳ್ಳಿ, ಉಳಿದದ್ದು ಅದೇ ರಾತ್ರಿ. ಪುಟದ ಎಡಕ್ಕೆ ಅವರ ಮಾತು, ಬಲಕ್ಕೆ ನೀವು ಕಂಡದ್ದು. ಜೊತೆಗೊಬ್ಬರು ಇದ್ದರೆ ಬರೆದು ಮುಗಿಯೋವರೆಗೆ ಆ ಬಗ್ಗೆ ಮಾತಾಡಿಕೊಳ್ಳಬೇಡಿ. ಅನುಮಾನ ಇರುವ ಪದದ ಕೆಳಗೆ ಗೆರೆ ಎಳೆದು, ಅದನ್ನು ಕೇಳೋಕೇ ಇನ್ನೊಮ್ಮೆ ಹೋಗಿ. "ದೀಪ ಆರಿಸಿದ್ರು ಅಂದ್ರಲ್ವಾ?" ಅಂತ ಮಾತ್ರ ಕೇಳಬೇಡಿ, ಹೂಂ ಅಂದುಬಿಡ್ತಾರೆ. "ಆವತ್ತು ದೀಪದ ವಿಷಯ ಏನೋ ಹೇಳಿದ್ರಿ" ಅಂದು ಸುಮ್ಮನೆ ಕೂತಿರಿ.