ಉಳಿದ ಆರು ಹಾಡುಗಳನ್ನು ಕೊಡುವುದಿಲ್ಲ

ಪತ್ರ: ಮಗಳು ನೋಡುತ್ತಿದ್ದ ‘ಹನಿ ಆ್ಯಂಡ್ ಕ್ಲೋವರ್’ ಅನಿಮೆಯಲ್ಲಿ ಜಪಾನಿನ ‘ಸ್ಪಿಟ್ಜ್’ ರಾಕ್ ತಂಡದ ಹಾಡು ಕೇಳಿದೆ. ಭಾಷೆ ತಿಳಿಯದು, ಆದರೂ ಕಿವಿಯಿಂದ ಹೋಗುತ್ತಿಲ್ಲ. ಎಲ್ಲವನ್ನೂ ಕೇಳುವಷ್ಟು ಪುರುಸೊತ್ತಿಲ್ಲ. ಅವರ ಅತಿ ಜನಪ್ರಿಯ ಹತ್ತು ಹಾಡುಗಳ ಪಟ್ಟಿ ಪ್ರಕಟಿಸಿದರೆ ಉಪಕಾರ.
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಕಿವಿ ಚೆನ್ನಾಗಿದೆ. ಆ ಪುರುಸೊತ್ತಿನ ಮಾತೊಂದನ್ನು ಬರೆಯದೆ ಇದ್ದಿದ್ದರೆ ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗುತ್ತಿದ್ದೆ.

1994ರ ‘ಸೋರಾ ಮೊ ತೊಬೆರು ಹಜು’, 1995ರ ‘ರಾಬಿನ್ಸನ್’, 1996ರ ‘ಚೆರಿ’, 1998ರ ‘ಕಾಎದೆ’. ಈ ನಾಲ್ಕನ್ನು ಬಿಟ್ಟು ಯಾರೂ ಪಟ್ಟಿ ಮಾಡುವುದಿಲ್ಲ. ‘ರಾಬಿನ್ಸನ್’ ಮತ್ತು ‘ಚೆರಿ’ ತಲಾ ಹದಿನೈದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು. ಹೊಸಬರಿಗೆ ಪಟ್ಟಿಯಿಂದ ಅನುಕೂಲವಿದೆ, ಒಪ್ಪಿದೆ. ಉಳಿದ ಆರನ್ನು ಮಾತ್ರ ನಾನು ಕೊಡುವುದಿಲ್ಲ.

ಪಟ್ಟಿಯೆಂದರೆ ಆ ತಂಡಕ್ಕೇ ಆಗದು, ಸ್ವಾಮಿ. ತಂಡ ಒಡೆಯುವವರೆಗೆ ಆಯ್ದ ಹಾಡುಗಳ ಆಲ್ಬಂ ತರುವುದಿಲ್ಲ ಎಂದು ಪಟ್ಟು ಹಿಡಿದು ಕೂತವರು ಅವರು. 1999ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಕಂಪನಿ ಅವರ ಒಪ್ಪಿಗೆಯಿಲ್ಲದೆಯೇ ‘ರೀಸೈಕಲ್’ ಎಂಬ ಸಂಕಲನ ಹೊರತಂದಿತು. ಅದರ ಮಾರಾಟ ಇಪ್ಪತ್ತು ಲಕ್ಷ ದಾಟಿತು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ನುಂಗಿಕೊಂಡು ಪೇಡಾ ಹಂಚುತ್ತಿದ್ದರು. ಇವರು ಮರುವರ್ಷ ‘ಹಯಾಬುಸಾ’ ಎಂಬ ಆಲ್ಬಂ ತಂದರು. ಅದರಲ್ಲಿ ಗಿಟಾರುಗಳು ಗದರುತ್ತವೆ. 2006ರಲ್ಲಿ ಸಿಂಗಲ್‌ಗಳನ್ನು, ಅಂದರೆ ಒಂದೆರಡು ಹಾಡುಗಳ ಬಿಡಿ ಡಿಸ್ಕ್‌ಗಳಾಗಿ ಬಂದವುಗಳನ್ನು, ಕಾಲಕ್ರಮದಲ್ಲಿ ಜೋಡಿಸಿದ ‘ಸೈಕಲ್ ಹಿಟ್’ ಬಂದ ಮೇಲೆ ಆ ಹಳೆಯ ಸಂಕಲನ ಅಂಗಡಿಗಳಿಂದ ಮರೆಯಾಯಿತು. ತಂಡವಂತೂ ಒಡೆಯಲಿಲ್ಲ. 1987ರಿಂದ ಅದೇ ನಾಲ್ವರು.

ಜನಪ್ರಿಯತೆ ಎಂಬುದರ ಸ್ವಭಾವವನ್ನೂ ನೋಡಿ. ‘ಸೋರಾ ಮೊ ತೊಬೆರು ಹಜು’ ಬಂದಾಗ ಅದರ ಗತಿ ಅಷ್ಟಕ್ಕಷ್ಟೇ. 1996ರಲ್ಲಿ ಟಿವಿ ಧಾರಾವಾಹಿಯೊಂದರ ಶೀರ್ಷಿಕೆ ಗೀತೆಯಾದದ್ದೇ ತಡ, ಮೊದಲ ಸ್ಥಾನಕ್ಕೆ ಏರಿತು. ಸ್ವರ ಅದೇ, ಸಾಹಿತ್ಯವೂ ಅದೇ! ಇನ್ನು ‘ರಾಬಿನ್ಸನ್’ ಎಂದರೆ ಥಾಯ್ಲೆಂಡಿನ ಒಂದು ದೊಡ್ಡ ಅಂಗಡಿಯ ಹೆಸರು. ಹಾಡು ಬರೆದ ಕುಸಾನೊ ಮಸಮುನೆ ಪ್ರವಾಸದಲ್ಲಿ ಅದನ್ನು ಕಂಡು, ಸದ್ಯಕ್ಕೆ ಇರಲಿ ಎಂದು ಇಟ್ಟದ್ದು ಹಾಗೇ ಉಳಿಯಿತು. ಹಾಡಿನಲ್ಲಿ ಆ ಪದ ಒಮ್ಮೆಯೂ ಬರುವುದಿಲ್ಲ. ‘ಚೆರಿ’ಯಲ್ಲಿ ಚೆರಿಯಿಲ್ಲ, ‘ಕಾಎದೆ’ಯಲ್ಲಿ ಆ ಮೇಪಲ್ ಮರವಿಲ್ಲ. ಹೆಸರುಗಳ ಪಟ್ಟಿ ಹಿಡಿದು ನೀವು ಮಾಡುವುದಾದರೂ ಏನು?

ಕಾಲೇಜಿನ ದಿನಗಳಲ್ಲಿ ನಮ್ಮೂರ ಬಸ್ ನಿಲ್ದಾಣದ ಎದುರು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಯೊಂದಿತ್ತು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಜೊತೆ ಹಾಡುಗಳ ಚೀಟಿ ಕೊಟ್ಟರೆ ಎರಡು ದಿನಕ್ಕೆ ಸಿದ್ಧ. ಪ್ರತಿ ಬದಿಯ ಕೊನೆಗೆ ಮೂರು ನಾಲ್ಕು ನಿಮಿಷದ ಟೇಪು ಉಳಿಯುತ್ತಿತ್ತು. ಖಾಲಿ ಬಿಡುವುದು ಅಂಗಡಿಯಾತನ ಜಾಯಮಾನವಲ್ಲ. ತನಗೆ ಇಷ್ಟವಾದದ್ದನ್ನು ಅಲ್ಲಿ ತುಂಬಿಸಿಬಿಡುತ್ತಿದ್ದ. ‘ಇದಕ್ಕೆ ದುಡ್ಡಿಲ್ಲ, ಕೇಳಿ ನೋಡಿ’ ಎನ್ನುತ್ತಿದ್ದ. ಚೀಟಿಯಲ್ಲಿ ನಾನು ಬರೆದ ಹಾಡುಗಳು ಯಾವುವೆಂದು ಇಂದು ಕೇಳಿದರೆ ತಡವರಿಸುತ್ತೇನೆ. ಆದರೆ ಆತ ಸೇರಿಸಿದ, ಟೇಪು ಮುಗಿದು ಅರ್ಧಕ್ಕೇ ಟಕ್ಕೆಂದು ನಿಂತ ಒಂದು ಗಜಲ್ ಈಗಲೂ ಬಚ್ಚಲಲ್ಲಿ ಬಾಯಿಗೆ ಬರುತ್ತದೆ. ಅಂದು ನಿಂತಲ್ಲಿಗೇ ಇಂದಿಗೂ ನಿಲ್ಲುತ್ತದೆ.

‘ರಾಬಿನ್ಸನ್’ ಸಿಂಗಲ್‌ನಲ್ಲೂ ಅಂಥದ್ದೊಂದು ಬಾಲವಿದೆ: ‘ಒರೆ ನೊ ಸುಬೆತೆ’, ಅಂದರೆ ‘ನನ್ನದೆಲ್ಲ’. 1999ರವರೆಗೆ ಅದಕ್ಕೆ ಯಾವ ಆಲ್ಬಮ್ಮಿನಲ್ಲೂ ಜಾಗ ಸಿಗಲಿಲ್ಲ. ವೇದಿಕೆಯ ಮೇಲೆ ಮಾತ್ರ ಅದನ್ನು ಹಾಡದೆ ಅವರಿಗೆ ಸಮಾಧಾನವಿಲ್ಲ. ಯಾವ ‘ಟಾಪ್ ಟೆನ್’ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ?

ನಿಮ್ಮೊಬ್ಬರನ್ನೇ ಯಾಕೆ ದೂರಲಿ. ಬೇಂದ್ರೆಯವರನ್ನು ಸುಗಮ ಸಂಗೀತದ ನಾಲ್ಕು ಹಾಡುಗಳಲ್ಲಿ ಮುಗಿಸಿದವರು ನಾವು. ನಮ್ಮ ಕಚೇರಿಗೆ ಬರುವ ಲೇಖನಗಳೂ ಈಗ ‘ಓದಲೇಬೇಕಾದ ಐದು’, ‘ನೋಡಲೇಬೇಕಾದ ಏಳು’. ಮಸಾಲೆ ದೋಸೆಗೂ ಕ್ರಮಾಂಕ ಬಂದಾಗಿದೆ. ಮೊನ್ನೆ ಕವಿಯೊಬ್ಬರು ತಮ್ಮ ಹೊಸ ಸಂಕಲನ ಕಳಿಸಿ, ಯಾವ ಮೂರು ಪದ್ಯ ಓದಿದರೆ ಸಾಕೆಂದು ತಾವೇ ಗುರುತು ಹಾಕಿದ್ದರು. ಇದಕ್ಕೆ ಏನು ಹೇಳುತ್ತೀರಿ?

ಮಗಳನ್ನು ಜೊತೆಗೆ ಕೂರಿಸಿಕೊಂಡು 1995ರ ‘ಹಚಿಮಿತ್ಸು’ ಆಲ್ಬಂ ಹಾಕಿ. ಹಚಿಮಿತ್ಸು ಎಂದರೆ ಜೇನುತುಪ್ಪ. ಆಕೆ ನೋಡಿದ ಅನಿಮೆಯ ಹೆಸರಿನಲ್ಲಿರುವ ‘ಹನಿ’ ಬಂದದ್ದು ಇಲ್ಲಿಂದಲೇ. ಇರುವುದು ಹನ್ನೊಂದು ಹಾಡು, ಮುಕ್ಕಾಲು ಗಂಟೆಯೂ ಹಿಡಿಯದು. ಏಳನೆಯದು ‘ಅಜಿಸಾಯಿ ದೋರಿ’: ಹೈಡ್ರೇಂಜಿಯಾ ಹೂಗಳ ಬೀದಿ, ಬಿಡದ ಮಳೆ, ಕೊಡೆಯಿಲ್ಲದೆ ಮುಖ ಮೇಲೆತ್ತಿ ಓಡುವವನೊಬ್ಬ. ಆ ಮಳೆ ದಾಟಿದೊಡನೆ ಎಂಟನೆಯದಾಗಿ ‘ರಾಬಿನ್ಸನ್’ ಶುರುವಾಗುತ್ತದೆ. ಮಿವಾ ತೆತ್ಸುಯ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುತ್ತಾರೆ, ಸೂರಿನಿಂದ ಉಳಿದ ಹನಿಗಳು ಬಿದ್ದಂತೆ. ಒಂಟಿಯಾಗಿ ಕೇಳಿದಾಗ ನನಗೆ ಆ ಹನಿಗಳು ಕೇಳಿಸಿರಲಿಲ್ಲ.

ನಿಮ್ಮೂರಿನಲ್ಲಿ ಮಳೆಗೇನೂ ಬರವಿಲ್ಲ. ಒಂಬತ್ತನೆಯ ಹಾಡಿನ ಹೆಸರು ಬರೀ ‘ವೈ’, ಇಂಗ್ಲಿಷಿನ Y ಅಕ್ಷರ. ಅದು ಹೇಗಿತ್ತೆಂದು ಬರೆಯಿರಿ, ಪ್ರಕಟಿಸುತ್ತೇನೆ.