ಕಾಶ್ಮೀರದ ಸರೋವರಗಳ ಚಾರಣಕ್ಕೆ ಫೋನಿನ ನಕ್ಷೆ ಸಾಕೇ?

ಪ್ರಶ್ನೆ: ಕುಮಾರ ಪರ್ವತ, ಕುದುರೆಮುಖಗಳನ್ನು ಹತ್ತಿಳಿದ ಅನುಭವ ನನಗೂ ನನ್ನ ಗೆಳೆಯನಿಗೂ ಇದೆ. ಬರುವ ಆಗಸ್ಟ್‌ನಲ್ಲಿ ಸೋನಮಾರ್ಗ್‌ನಿಂದ ನಾರಾನಾಗ್‌ವರೆಗಿನ ಸರೋವರಗಳ ಚಾರಣವನ್ನು ಮಾರ್ಗದರ್ಶಿಯಿಲ್ಲದೆ, ಫೋನಿನಲ್ಲಿ ನಕ್ಷೆ ಇಳಿಸಿಕೊಂಡು ಮಾಡಬಹುದೇ? ದಾರಿ ತಪ್ಪಿದರೆ ತೊರೆಯ ಜಾಡು ಹಿಡಿದು ಇಳಿದರಾಯಿತು ಎಂಬುದು ಗೆಳೆಯನ ಮಾತು.
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿಯೇ. ಪಶ್ಚಿಮ ಘಟ್ಟಗಳಲ್ಲಿ ಹಳ್ಳದ ಗುಂಟ ಇಳಿದರೆ ಎಲ್ಲಿಯಾದರೂ ಒಂದು ತೋಟವೋ ಮನೆಯೋ ಸಿಕ್ಕೀತು. ಈ ಚಾರಣದಲ್ಲಿ ನಿಚ್ನಾಯ್ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ) ದಾಟಿ ವಿಷನ್‌ಸರ್, ಕೃಷನ್‌ಸರ್ ಸರೋವರಗಳ ಬಳಿಗೆ ಬಂದಿರೆಂದರೆ, ಅಲ್ಲಿನ ನೀರು ನೀವು ಬಂದ ಸೋನಮಾರ್ಗ್‌ನ ಕಡೆಗೆ ಹರಿಯುವುದಿಲ್ಲ. ಅದು ಕಿಶನ್‌ಗಂಗೆಯಾಗಿ ಗುರೇಜ್ ಕಣಿವೆಯನ್ನು ಹಾದು ಗಡಿ ನಿಯಂತ್ರಣ ರೇಖೆಯನ್ನೇ ದಾಟುತ್ತದೆ. ಮುಂದೆ ಸಿಗುವ ಗಡ್‌ಸರ್ ಸರೋವರದ ನೀರು ಸೇರುವುದೂ ಅದೇ ನದಿಯನ್ನು. ಆದ್ದರಿಂದ ಮಂಜು ಕವಿದಾಗ ತೊರೆಯನ್ನು ನಂಬಿ ಇಳಿಯುವುದೆಂದರೆ ಊರಿನಿಂದ ದೂರವಾಗಿ, ಸೇನೆಯ ಕಾವಲಿರುವ ಪ್ರದೇಶದತ್ತ ನಡೆಯುವುದೆಂದೇ ಅರ್ಥ. ಕೊನೆಯ ಗಂಗಾಬಲ್ ಮತ್ತು ನಂದ್‌ಕೋಲ್ ಸರೋವರಗಳನ್ನು ತಲುಪಿದ ಮೇಲಷ್ಟೇ ನೀರೂ ದಾರಿಯೂ ಒಂದೇ ದಿಕ್ಕಿನಲ್ಲಿ, ನಾರಾನಾಗ್‌ನ ಕಡೆಗೆ ಇಳಿಯುತ್ತವೆ.

ಹಾಗೆಂದು ನಕ್ಷೆ ಬೇಡವೆನ್ನುತ್ತಿಲ್ಲ. ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದಿದ್ದರೂ ನೀವಿರುವ ಸ್ಥಳವನ್ನು ತೋರಿಸುತ್ತದೆ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಅದನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಬೇಕು, ಕಾಗದದ ನಕ್ಷೆಯೂ ದಿಕ್ಸೂಚಿಯೂ ಜೊತೆಗಿರಬೇಕು. ಹೊರಡುವ ಮೊದಲೇ ಒಂದೊಂದು ಸರೋವರದ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿ ಮನದಟ್ಟು ಮಾಡಿಕೊಳ್ಳಿ. ನಕ್ಷೆ ಹೇಳದ ಸಂಗತಿಗಳೂ ಇವೆ. ಹುಲ್ಲುಗಾವಲಿನಲ್ಲಿ ಅಲೆಮಾರಿ ಕುರಿಗಾಹಿಗಳಾದ ಬಕರ್‌ವಾಲರ ಕುರಿಗಳು ಮಾಡಿದ ಕಾಲುದಾರಿಗಳು ಹತ್ತಾರು ಕವಲೊಡೆದಿರುತ್ತವೆ. ಅವುಗಳಲ್ಲಿ ಕುದುರೆಯ ಗೊರಸಿನ ಗುರುತೂ ಲದ್ದಿಯೂ ಇರುವುದೇ ಸಾಮಾನ್ಯವಾಗಿ ಸಾಮಾನು ಸಾಗಿಸುವ ಮುಖ್ಯ ದಾರಿ. ಆದರೆ ಸತ್‌ಸರ್ ಸರೋವರಗಳನ್ನು ದಾಟಿದ ಮೇಲೆ ಸಿಗುವ ಬಂಡೆಗಳ ರಾಶಿಯಲ್ಲಿ ಹೆಜ್ಜೆಗುರುತು ಉಳಿಯುವುದಿಲ್ಲ. ಅಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟ ಗುರುತುಗಳನ್ನು ಒಂದಾದ ಮೇಲೊಂದರಂತೆ ಹುಡುಕಿಕೊಂಡು ಹೋಗಬೇಕು, ಮುಂದಿನದು ಕಾಣದಿದ್ದರೆ ಹಿಂದಿನದರ ಬಳಿಯೇ ನಿಲ್ಲಬೇಕು. ಹಿಮ ಕರಗಿ ತುಂಬುವ ತೊರೆಗಳು ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿದ್ದು ಮಧ್ಯಾಹ್ನಕ್ಕೆ ಉಕ್ಕಬಹುದಾದ್ದರಿಂದ ಅವನ್ನು ಹೊತ್ತೇರುವ ಮೊದಲೇ ದಾಟಿ.

ಎತ್ತರದ ವಿಷಯದಲ್ಲಿ ಘಟ್ಟದ ಅನುಭವ ನೆರವಿಗೆ ಬಾರದು. ಕುಮಾರ ಪರ್ವತ 1,712 ಮೀಟರ್; ಈ ಹಾದಿಯ ಅತಿ ಎತ್ತರದ ಗಡ್‌ಸರ್ ಪಾಸ್ ಸುಮಾರು 4,200 ಮೀಟರ್. ಬಿಡದ ತಲೆನೋವು, ವಾಂತಿ, ನಡಿಗೆಯಲ್ಲಿ ತೂರಾಟ ಕಂಡರೆ ಕೆಳಗಿಳಿಯುವುದೇ ಮುಖ್ಯ ಮದ್ದು. ಆದರೆ ನಿಚ್ನಾಯ್ ದಾಟಿದ ಮೇಲೆ ಹಿಂದಿರುಗಲೂ ಸುಮಾರು 4,000 ಮೀಟರಿನ ಒಂದು ಪಾಸ್ ಹತ್ತಲೇಬೇಕು. ಹಾಗಾಗಿ ಮೈ ಒಗ್ಗಿದೆಯೇ ಎಂಬುದನ್ನು ಆ ಪಾಸ್‌ಗೆ ಮೊದಲೇ, ಬೇಕಾದರೆ ಅದರ ಬುಡದಲ್ಲಿ ಒಂದು ದಿನ ಹೆಚ್ಚಿಗೆ ತಂಗಿಯಾದರೂ ತೀರ್ಮಾನಿಸಿ.

ಇಷ್ಟೆಲ್ಲ ನೋಡಿದರೆ, ಮೊದಲ ಸಲ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೋಗಲೇಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದಾರಿಯಲ್ಲಿ ಸೇನೆಯವರು ಗುರುತಿನ ಚೀಟಿ ಕೇಳುವುದರಿಂದ ಮೂಲ ಪ್ರತಿಯನ್ನೇ ಒಯ್ಯಿರಿ. ಆಯಾ ವರ್ಷ ಚಾರಣಕ್ಕೆ ಅನುಮತಿ ಇದೆಯೇ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಅಂತಹ ಕಡೆಗೆ ಉಪಗ್ರಹ ಫೋನ್ ಒಯ್ಯಬಹುದೇ?
– ಓದುಗರು, ಹಾಸನ

ಉತ್ತರ: ಸರ್ಕಾರದ ಅನುಮತಿಯಿಲ್ಲದೆ ಒಯ್ಯುವಂತಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಚಿಕ್ಕ ಸಾಧನಗಳಿಗೂ ಇದೇ ನಿಯಮ, ಅವುಗಳನ್ನು ಇಟ್ಟುಕೊಂಡಿದ್ದಕ್ಕೆ ಪ್ರವಾಸಿಗರು ಬಂಧನಕ್ಕೊಳಗಾದದ್ದೂ ಉಂಟು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ಸೋನಮಾರ್ಗ್ ಬಿಟ್ಟ ಮೇಲೆ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಯಾವ ರಾತ್ರಿ ಎಲ್ಲಿ ತಂಗುತ್ತೀರಿ, ಯಾವ ದಿನ ನಾರಾನಾಗ್ ತಲುಪುತ್ತೀರಿ, ಎಷ್ಟು ದಿನ ತಡವಾದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದು ಮನೆಯವರ ಕೈಗೆ ಕೊಟ್ಟು ಹೊರಡಿ.